ತೊಳೆದು ತಂದ ಕಿವಿ

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿ. ಮುಂದೆ ಗಲ್ಲೆಯಲ್ಲಿ ನಾನು, ಹಿಂದಿನ ಕೋಣೆಯಲ್ಲಿ ಉಗಿ ಇಸ್ತ್ರಿಯ ಮುಂದೆ ನಮ್ಮವರು. ಇಪ್ಪತ್ತು ವರ್ಷ ನೇಯ್ಗೆ ಗಿರಣಿಯ ಗದ್ದಲದಲ್ಲಿ ದುಡಿದು ಅವರ ಕಿವಿ ಎರಡೂ ಹೋಗಿವೆ. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ಅಷ್ಟೇ. ಉಳಿದದ್ದೆಲ್ಲ ಠೊಣಪನ ಜವಾಬ್ದಾರಿ.

ಠೊಣಪ ನಮ್ಮ ನಾಯಿ. ಜೋಲುಕಿವಿ, ಡೊಳ್ಳುಹೊಟ್ಟೆ, ಮುಖದಲ್ಲಿ ಸದಾ ಯಾರೋ ಬೈದ ಹಾಗೆ ಒಂದು ಕಳೆ. ನಾನು ಗಲ್ಲೆಯಿಂದ ಗಂಟೆ ಒತ್ತಿದರೆ ಮೂತಿಯಿಂದ ಅವರ ಮೊಣಕಾಲು ತಿವಿಯುತ್ತಾನೆ. ಬಾಯ್ಲರು ಸೀಟಿ ಹಾಕಿದರೆ ಪ್ಯಾಂಟು ಕಚ್ಚಿ ಎಳೆಯುತ್ತಾನೆ. ಇದನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. ಅವನು ಬರುವುದಕ್ಕೆ ಮುಂಚೆ ನಮ್ಮವರು ಕೆಲಸ ಬಿಟ್ಟು ಒಂದು ವರ್ಷ ಗೋಡೆಗೆ ಮುಖ ಮಾಡಿ ಕೂತಿದ್ದರು. ಆ ವರ್ಷದ ಸುದ್ದಿ ಈಗಲೂ ನಾವಿಬ್ಬರೂ ಎತ್ತುವುದಿಲ್ಲ.

ಅಂಥ ಠೊಣಪನ ಕಿವಿ ಸೋರತೊಡಗಿತು. ಒಂದಲ್ಲ, ಎರಡೂ. ನಾಯಿ ಡಾಕ್ಟರು ಹನಿಮದ್ದು ಕೊಟ್ಟರು. ಹಾಕಿದಾಗ ಒಂದು ವಾರ ಕಡಿಮೆಯಾಗುತ್ತಿತ್ತು, ಆಮೇಲೆ ಮತ್ತೆ ಶುರು. ತಲೆ ಒದರುವುದು, ಗೋಡೆಗೆ ಉಜ್ಜುವುದು, ಮುಟ್ಟಿದರೆ ಕುಂಯ್ ಅನ್ನುವುದು. ಒಂಬತ್ತು ತಿಂಗಳಲ್ಲಿ ನಾಲ್ಕು ಬಗೆಯ ಮದ್ದು ಮುಗಿದವು. ರೋಗ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಕೊನೆಗೆ ಗಂಟೆ ಒತ್ತಿದರೂ ಅವನು ತಲೆ ಎತ್ತುತ್ತಿರಲಿಲ್ಲ. ನಾನೇ ಎದ್ದು ಹೋಗಿ ನಮ್ಮವರ ಭುಜ ತಟ್ಟಬೇಕಾಗಿತ್ತು, ಪ್ರತಿಸಲ ಅವರು ಬೆಚ್ಚಿಬೀಳುತ್ತಿದ್ದರು.

"ಹೊರಗಿಂದ ನೋಡಿದ್ರೆ ಅಷ್ಟೇನಿಲ್ಲ ಕಣಮ್ಮ," ಎಂದರು ಡಾಕ್ಟರು. "ಲ್ಯಾಬಿಗೆ ಕಳಿಸಿದ್ರೂ ಯಾವ ಕ್ರಿಮೀನೂ ಬೆಳೀಲಿಲ್ಲ. ಆದ್ರೆ ಒಳಗಡೆ ನಾಳ ಊದ್ಕೊಂಡು ಮುಚ್ಚಿಹೋಗ್ತಿದೆ. ಹೀಗೇ ಆದ್ರೆ ಆಪರೇಷನ್ ಮಾಡಿ ನಾಳಾನೇ ತೆಗೀಬೇಕಾಗುತ್ತೆ. ನೋವು ಹೋಗುತ್ತೆ, ಜೊತೆಗೆ ಕೇಳಿಸೋದೂ ಹೋದ ಹಾಗೇ."

ನಮ್ಮವರು ಡಾಕ್ಟರ ತುಟಿಯನ್ನೇ ನೋಡುತ್ತಿದ್ದರು. ನಾಯಿಯನ್ನು ಎತ್ತಿಕೊಂಡು ಹೊರಗೆ ಹೋದರು.

ಆಪರೇಷನ್ನಿಗೆ ದಿನ ಗೊತ್ತುಮಾಡಲು ಮುಂದಿನ ವಾರ ಮತ್ತೆ ಹೋದೆವು. ನರ್ಸಮ್ಮ ಠೊಣಪನನ್ನು ತೂಕಕ್ಕೆ ನಿಲ್ಲಿಸಿ, ಕಿವಿ ಎತ್ತಿ ನೋಡಿ, ಆಮೇಲೆ ನಮ್ಮವರ ಭುಜವನ್ನು ದಿಟ್ಟಿಸಿದಳು. ಅಂಗಿಯ ಮೇಲೆ ಅಂಗೈಯಗಲ ಹಸಿರು ಮಿಶ್ರಿತ ಹಳದಿ ಕಲೆ. ದಾರಿಯುದ್ದಕ್ಕೂ ನಾಯಿ ಅಲ್ಲೇ ತಲೆಯಿಟ್ಟು ಬಂದಿತ್ತು. ಊರಿನವರ ಕಲೆಯೆಲ್ಲ ತೆಗೆಯುವ ನನಗೆ ಗಂಡನ ಅಂಗಿಯ ಕಲೆ ಕಾಣಲಿಲ್ಲವಲ್ಲ ಎಂದು ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಆಕೆ ಬಗ್ಗಿ ಅದನ್ನು ಮೂಸಿಯೂ ನೋಡಿದಳು!

"ಇದು ಈ ಕಿವಿಯಿಂದಾನೇ ಬಂದಿದ್ದಾ? ಕಿವಿ ನೋಡಿದ್ರೆ ಫಳಫಳ ಅಂತಿದೆ?"

"ಬೆಳಿಗ್ಗೆ ತೊಳೆದೆ. ಡಾಕ್ಟರ ಹತ್ರ ಗಲೀಜು ಕಿವಿ ತರೋಕಾಗುತ್ತಾ?"

"ಯಾವಾಗ್ಲೂ ತೊಳೆದೇ ತರ್ತೀರಾ?"

"ಮತ್ತೆ? ನೀವು ಕೊಟ್ಟ ಔಷಧಿ ನೀರಲ್ಲೇ. ಎರಡು ಸಲ ತೊಳೆದು, ಒರೆಸಿ, ಹನಿ ಹಾಕಿ ತರ್ತೀನಿ. ಲ್ಯಾಬಿಗೆ ತೆಗೆದ ದಿನ ಮೂರು ಸಲ," ಎಂದೆ ಜಂಬದಿಂದ.

ಆಕೆ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಒಳಗೆ ಓಡಿದಳು. ಡಾಕ್ಟರು ಬಂದು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಮ್ಮಾ, ಒಂಬತ್ತು ತಿಂಗಳಿಂದ ನಂಗೆ ಮದುವೆಗೆ ಹೊರಟ ಕಿವಿ ತೋರಿಸಿದೀರಿ! ತಪ್ಪು ನಂದೂ ಇದೆ, ನಾನು ಕೇಳಬೇಕಿತ್ತು. ಐದು ದಿನ ಕಿವಿ ಮುಟ್ಟಬೇಡಿ. ತೊಳೆಯೋದೂ ಬೇಡ, ಹನಿಯೂ ಬೇಡ. ನೋವಿಗೆ ಮಾತ್ರೆ ಕೊಡ್ತೀನಿ. ಗಲೀಜಾಗೇ ತನ್ನಿ."

ಆ ಐದು ದಿನ ನನಗೆ ಜೀವವೇ ಬಾಯಿಗೆ ಬಂದಿತ್ತು. ಒಗೆದ ಬಟ್ಟೆಯ ಅಂಗಡಿಯಲ್ಲಿ ಕೊಳೆತ ವಾಸನೆ. ಗಿರಾಕಿಗಳು ಮೂಗು ಸಿಂಡರಿಸಿದರೆ ನಾನು ಚರಂಡಿಯ ಮೇಲೆ ಹಾಕುತ್ತಿದ್ದೆ. ಕೈ ತುರಿಸುತ್ತಿತ್ತು. ನಮ್ಮವರು ಹತ್ತಿಯ ಡಬ್ಬಿಯನ್ನು ಬೀರುವಿನ ಮೇಲಿಟ್ಟು ಕಾವಲು ಕೂತರು.

ಈ ಸಲ ಲ್ಯಾಬಿನಲ್ಲಿ ಬೆಳೆಯಿತು. ಹಟಮಾರಿ ಕ್ರಿಮಿ, ಕಿವಿಯೊಳಗೆ ಲೋಳೆಯ ಗೂಡು ಕಟ್ಟಿಕೊಂಡು ಉಡದ ಹಾಗೆ ಹಿಡಿದು ಕೂತಿತ್ತು. ನಾನು ಹಾಕಿದ ನಾಲ್ಕು ಮದ್ದಿಗೂ ಅದು ಬಗ್ಗುವಂಥದ್ದಲ್ಲ. ಬಗ್ಗುವ ಮದ್ದು ಎರಡೇ ಇದ್ದವು. ಡಾಕ್ಟರು ಠೊಣಪನಿಗೆ ಮತ್ತು ಬರಿಸಿ ಕಿವಿಯ ಆಳದವರೆಗೂ ತೊಳೆದು, ಆ ಎರಡರಲ್ಲಿ ಒಂದನ್ನು ಕೊಟ್ಟರು. "ಚೆನ್ನಾಯ್ತು ಅನ್ನಿಸಿದ್ರೂ ನಾನು ಹೇಳೋವರೆಗೆ ನಿಲ್ಲಿಸ್ಬೇಡಿ. ಮತ್ತೆ, ನೋಡೋಕೆ ಬರುವಾಗ..."

"ತೊಳೆಯಲ್ಲ ಬಿಡಿ, ಗೊತ್ತಾಯ್ತು," ಎಂದೆ.

ಏಳು ವಾರ ಹನಿ ಹಾಕಿದವರು ನಮ್ಮವರು. ನೆಲದಲ್ಲಿ ಕಾಲು ಚಾಚಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯ ಬುಡವನ್ನು ಮೆಲ್ಲಗೆ ನೀವುತ್ತಿದ್ದರು. ಹಗಲು ಇಸ್ತ್ರಿಯ ಮೇಜನ್ನು ಬಾಗಿಲಿನತ್ತ ತಿರುಗಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ನನ್ನನ್ನು ನೋಡುತ್ತಿದ್ದರು. ನಾನು ಗಂಟೆಗೆ ಕೈ ಹಾಕಿದರೆ ಸಾಕು, ಬಗ್ಗಿ ನಾಯಿಗೆ ಹೇಳುತ್ತಿದ್ದರು: "ಗಂಟೆ ಹೊಡೀತು ಕಣೋ ಠೊಣಪ, ಬಾ." ಅದನ್ನು ಕೇಳಿ ನಾನು ಗಲ್ಲೆಯ ಕೆಳಗೆ ಏನೋ ಹುಡುಕುವವಳ ಹಾಗೆ ಬಗ್ಗಿ ಕಣ್ಣೊರೆಸಿಕೊಂಡದ್ದುಂಟು.

ಕೊನೆಯ ದಿನ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಡ್ಡಿಯಲ್ಲಿ ಸವರಿ ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲೂ ನೋಡಿದರು. "ಏನೂ ಇಲ್ಲ, ನಾಳಾನೂ ಬಿಚ್ಕೊಂಡಿದೆ," ಎಂದರು. ಆದರೆ ನಮಗೆ ಬೇಕಾದದ್ದು ಅದಲ್ಲ ಎಂದು ಅವರಿಗೂ ಗೊತ್ತಿತ್ತು. ನನಗೆ ಸುಮ್ಮನಿರಲು ಸನ್ನೆ ಮಾಡಿ, ನಮ್ಮವರೂ ಠೊಣಪನೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾಗ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತು, ಪಿಸುಮಾತಿಗಿಂತ ಸ್ವಲ್ಪವೇ ಜೋರಾಗಿ, "ಠೊಣಪಾ," ಎಂದರು.

ನಾಯಿ ಥಟ್ಟನೆ ತಿರುಗಿತು, ಎದ್ದು ಮೂತಿಯಿಂದ ನಮ್ಮವರ ಮೊಣಕಾಲು ತಿವಿಯಿತು. ನಮ್ಮವರು ತಕ್ಷಣ ಹಿಂದೆ ತಿರುಗಿ, "ಯಾರು? ಯಾರು ಕರೆದ್ರು?" ಎಂದರು.

ಹಾಗೆಂದ ಮೇಲೆ ಅವರಿಗೇ ಅರ್ಥವಾಯಿತು. ನಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ನಾನು ಡಾಕ್ಟರಿಗೂ ನರ್ಸಮ್ಮನಿಗೂ ಕೈಮುಗಿದೆ. ನಮ್ಮವರಿಗೆ ತಮ್ಮ ದನಿ ಎಷ್ಟು ಜೋರೆಂದು ತಿಳಿಯುವುದಿಲ್ಲ. ಹೊರಗೆ ಕಾಯುತ್ತಿದ್ದ ಬೆಕ್ಕು ನಾಯಿಗಳೆಲ್ಲ ಬೆದರುವ ಹಾಗೆ ಕೂಗಿ ಹೇಳಿದರು:

"ನೀವು ನನ್ನ ಕಿವಿ ಉಳಿಸಿದ್ರಿ ಡಾಕ್ಟ್ರೇ!"