ತೈಸ್ತೊ ಮೇಷ್ಟ್ರ ಮೂರು ಸುತ್ತು

ತೈಸ್ತೊ ಮೇಷ್ಟ್ರು ಚಳಿಗಾಲದಲ್ಲಿ ಬೂಟು ಹಾಕಿಕೊಂಡು ಕಾರು ಓಡಿಸಿದವರಲ್ಲ. ಉಸಿರು ಮೀಸೆಯ ಮೇಲೆಯೇ ಹೆಪ್ಪುಗಟ್ಟುವ ಉತ್ತರ ಧ್ರುವದ ಕಡೆಯ ನಮ್ಮ ಕೂಸಮೊ ಊರಿನ ಥಂಡಿಯಲ್ಲಿ, ಕಾರಿನ ಬಾಗಿಲು ತೆರೆದು, ಸೀಟಿನ ಅಂಚಿಗೆ ಕೂತು, ಬೂಟುಗಳೆರಡನ್ನೂ ಕಳಚಿ, ಒಂದಕ್ಕೊಂದು ತಟ್ಟಿ ಹಿಮ ಕೊಡವಿ, ಹಿಂದಿನ ಸೀಟಿನ ಕೆಳಗೆ ಒಪ್ಪವಾಗಿ ಜೋಡಿಸಿಟ್ಟು, ಹೆಂಡತಿ ಸಿರ್ಕ್ಕಾ ಹೆಣೆದುಕೊಟ್ಟ ಬೂದು ಉಣ್ಣೆಯ ಕಾಲುಚೀಲದಲ್ಲೇ ಪೆಡಲು ಮುಟ್ಟುವರು. ಇದೆಲ್ಲ ಮುಗಿಯುವಷ್ಟರಲ್ಲಿ ಪಕ್ಕದಲ್ಲಿ ಕೂತವರ ಹಲ್ಲು ಕಟಕಟ ಎನ್ನುತ್ತಿರುತ್ತದೆ. ಕೇಳಿದರೆ ಒಂದೇ ಉತ್ತರ: "ಬೂಟು ಹಾಕಿದ ಕಾಲು ಕಿವುಡು, ಮಾರಾಯ. ರಸ್ತೆ ಏನು ಹೇಳ್ತಿದೆ ಅಂತ ಅದಕ್ಕೆ ಕೇಳ್ಸಲ್ಲ."

ನಲವತ್ತು ವರ್ಷ ಊರಿನ ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳಿದವರು. ನನ್ನನ್ನೂ ಸೇರಿಸಿ, ಇಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರೇ. ಆ ವೃತ್ತಿ ಅವರ ದೇಹದೊಳಗೆ ಎಷ್ಟು ಇಳಿದಿತ್ತೆಂದರೆ, ಅಂಗಡಿಯಲ್ಲಿ ಹಾಲಿನ ಸಾಲಿನಿಂದ ಬ್ರೆಡ್ಡಿನ ಸಾಲಿಗೆ ತಿರುಗುವಾಗಲೂ ಮೊದಲು ಕಣ್ಣು, ಆಮೇಲೆ ಭುಜ, ಕಟ್ಟಕಡೆಗೆ ಕಾಲು ತಿರುಗುವುದು. ಮಾತು ಕಡಿಮೆ. ಯಾರು ಎಷ್ಟು ಹೊಗಳಿದರೂ "ಅದಿರ್ಲಿ" ಎಂದು ಒಂದು ಪದದಲ್ಲಿ ಮುಗಿಸಿ, ಮೋಡ ನೋಡುತ್ತ ನಿಲ್ಲುವರು.

ನಿವೃತ್ತರಾದ ಮೇಲೆ ಈ ಮಿತಭಾಷಿ ಮನುಷ್ಯ ಐನೂರು ಕುದುರೆಶಕ್ತಿಯ, ನೆಲಕ್ಕೆ ಹೊಟ್ಟೆ ತಾಗುವಂತಿರುವ, ಹಿಂದಿನ ಚಕ್ರಗಳಷ್ಟೇ ನೂಕುವ ಕಪ್ಪು ಜರ್ಮನ್ ಕಾರೊಂದನ್ನು ಕೊಂಡರು. ನಮ್ಮ ಕಡೆ ಇಂಥ ಕಾರಿದ್ದವರು ಅಕ್ಟೋಬರಿನಲ್ಲಿ ಅದಕ್ಕೆ ಬಟ್ಟೆ ಹೊದಿಸಿ ಮಲಗಿಸಿದರೆ ಮತ್ತೆ ಎಬ್ಬಿಸುವುದು ಮೇ ತಿಂಗಳಲ್ಲಿ. ಮೇಷ್ಟ್ರದ್ದು ತದ್ವಿರುದ್ಧ. ಬೇಸಿಗೆಯಲ್ಲಿ ಅದು ಕೊಟ್ಟಿಗೆಯಲ್ಲಿ ನಿಂತಿರುವುದು; ಮೊದಲ ಹಿಮ ಬಿದ್ದದ್ದೇ ತಡ, ಜಾರದಂತೆ ಮೊಳೆ ಕೂರಿಸಿದ ಟೈರು ಕಟ್ಟಿ, ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಕರೆಂಟಿನ ತಂತಿ ಸಿಕ್ಕಿಸಿ ಎಂಜಿನ್ ಬೆಚ್ಚಗೆ ಮಾಡಿ, ಊರಿಗೆ ಊರೇ ಬೆರಗಾಗುವಂತೆ ಹೊರಗೆ ತರುವರು. "ಒಣ ರಸ್ತೇಲಿ ಇದನ್ನ ಯಾರು ಬೇಕಾದ್ರೂ ಓಡಿಸ್ತಾರೆ" ಎನ್ನುವುದು ಅವರ ವಾದ.

ಹೀಗಿದ್ದ ಮನುಷ್ಯ, ಎಪ್ಪತ್ತು ತುಂಬುವ ಚಳಿಗಾಲದಲ್ಲಿ, ಇದ್ದಕ್ಕಿದ್ದಂತೆ ಮಂಕಾಗಿಬಿಟ್ಟರು. ಆ ವಯಸ್ಸಿಗೆ ಲೈಸೆನ್ಸು ಮುಂದುವರಿಸಲು ವೈದ್ಯರ ಚೀಟಿ ಬೇಕು. ನಾನು ಅದೇ ಚಿಂತೆ ಎಂದುಕೊಂಡಿದ್ದೆ. ಕಾರಣ ಬೇರೆಯಿತ್ತು. ಚರ್ಚಿನ ಇಳಿಜಾರಿನಲ್ಲಿ ಒಂದು ದಿನ ಕಾರಿನ ಹಿಂಭಾಗ ಜಾರಿತಂತೆ.

"ನನ್ನ ಕೈ ಅಲ್ಲಾಡೋಕೆ ಮುಂಚೆನೇ ಅದು ನೆಟ್ಟಗಾಗಿಬಿಡ್ತು ಕಣೋ" ಎಂದರು, ಕಾಫಿಯ ಲೋಟವನ್ನು ಸ್ಟೀರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು. "ಒಳಗೊಬ್ಬ ಕೂತಿದಾನೆ, ಕಂಪ್ಯೂಟರು. ಜಾರಿದ್ರೆ ಬ್ರೇಕ್ ಹಿಡೀತಾನೆ, ಎಂಜಿನ್ ತಗ್ಗಿಸ್ತಾನೆ. ಇಷ್ಟು ದಿನ ಓಡಿಸ್ತಾ ಇದ್ದಿದ್ದು ಅವನೋ ನಾನೋ, ಒಂದೂ ತಿಳೀತಿಲ್ಲ."

"ಯಾರು ಓಡಿಸಿದ್ರೆ ಏನ್ರೀ, ಮನೆ ಸೇರಿದ್ರಲ್ಲ!" ಎಂದರು ಸಿರ್ಕ್ಕಾ, ಒಲೆಯ ಮುಂದಿನಿಂದ ತಿರುಗಿಯೂ ನೋಡದೆ.

"ಅದಿರ್ಲಿ. ಅವನೇ ಅಂತಾದ್ರೆ ನಾನು ವೈದ್ಯರ ಹತ್ರ ಹೋಗಲ್ಲ. ಲೈಸೆನ್ಸ್ ವಾಪಸ್ ಕೊಟ್ಬಿಡ್ತೀನಿ."

ಸಿರ್ಕ್ಕಾ ಆಗ ತಿರುಗಿದರು. ಗಂಡ ತಮಾಷೆಗೆ ಮಾತಾಡುವವರಲ್ಲ ಎಂದು ಅವರಿಗೆ ಗೊತ್ತು. ನನಗೆ ನನ್ನ ಚಿಂತೆ. ಈ ಮನುಷ್ಯನಿಗೆ ಓಡಿಸಲು ಬರುವುದಿಲ್ಲವೆಂದರೆ, ಅವರಿಂದ ಕಲಿತ ನಮ್ಮ ಗತಿಯೇನು?

ಮಾರನೆಯ ಭಾನುವಾರ ನಡುಮಧ್ಯಾಹ್ನ, ಸೂರ್ಯ ಕಾಡಿನ ನೆತ್ತಿಯ ಮೇಲೆ ಸುಮ್ಮನೆ ಹೆಸರಿಗೆ ಇದ್ದಾಗ, ಸಾಕ್ಷಿಗೆಂದು ನನ್ನನ್ನು ಕೂರಿಸಿಕೊಂಡು ಅವರು ಕಾರನ್ನು ಹೆಪ್ಪುಗಟ್ಟಿದ ಕೆರೆಯ ಮೇಲಿಳಿಸಿದರು. ಮೀನು ಹಿಡಿಯುವವರು ಹಿಮ ಗೋರಿ ಮಂಜುಗಡ್ಡೆಯ ಮೇಲೆ ಒಂದು ಸುತ್ತುದಾರಿ ಮಾಡಿದ್ದರು. ಗಡ್ಡೆಯ ಮೇಲಿಳಿದರೆ ಸೀಟಿನ ಬೆಲ್ಟು ಬಿಚ್ಚಬೇಕು, ಕಿಟಕಿ ಇಳಿಸಬೇಕು. ಒಡೆದರೆ ಹೊರಬೀಳಲು ದಾರಿ ಬೇಕಲ್ಲ. ಎರಡನ್ನೂ ಮಾಡಿದೆವು. ಮೇಷ್ಟ್ರು ಗುಂಡಿಯೊಂದನ್ನು ಒತ್ತಿದರು. ಎದುರಿಗೆ ಹಳದಿ ದೀಪ ಹತ್ತಿತು.

"ಒಳಗಿನವನನ್ನ ಆಚೆ ಕಳಿಸಿದೆ" ಎಂದು ಹೊರಟರು.

ಆ ಸುತ್ತನ್ನು ಹೇಗೆ ಬಣ್ಣಿಸಲಿ! ಕಾರು ಅಡ್ಡಡ್ಡಲಾಗಿ, ಮೂತಿಯನ್ನು ಒಳಗಿಟ್ಟು ಬಾಲವನ್ನು ಹೊರಗೆ ಬೀಸುತ್ತ, ಹಿಮದ ಧೂಳೆಬ್ಬಿಸಿಕೊಂಡು ಒಂದು ತಿರುವಿನಿಂದ ಇನ್ನೊಂದಕ್ಕೆ ನಿರಾಯಾಸವಾಗಿ ಹರಿಯಿತು. ಅವರ ಕೈಗಳು ಹಿಟ್ಟು ನಾದುವಷ್ಟೇ ನೆಮ್ಮದಿಯಲ್ಲಿದ್ದವು. ನಿಂತಾಗ ಅವರ ಮುಖದಲ್ಲಿ ಮಗುವಿನ ಸಂತೋಷ. ಆದರೆ ಕಣ್ಣು ದೀಪದ ಮೇಲೆ ಬಿತ್ತು. ಸಂತೋಷ ಅಲ್ಲೇ ಇಳಿದುಹೋಯಿತು.

"ಅಯ್ಯೋ, ದೀಪ ಉರೀತಾ ಇದೆಯಲ್ಲೋ! ಉರೀತಿದ್ರೆ ಅವನು ಕೆಲಸ ಮಾಡ್ತಿದಾನೆ ಅಂತ ತಾನೇ? ಅಂದ್ರೆ ಈಗ ಓಡಿಸಿದ್ದು ಅವನು."

ಮತ್ತೆ ಗುಂಡಿ ಒತ್ತಿದರು. ದೀಪ ಆರಿತು. ಎರಡನೆಯ ಸುತ್ತು ಸಪ್ಪೆಗೆ ಸಪ್ಪೆ. ತಿರುವು ಬಂದಲ್ಲೆಲ್ಲ ಎಂಜಿನ್ ಉಸಿರು ಬಿಗಿಹಿಡಿಯಿತು. ಕಾರು ವಿಧೇಯವಾಗಿ, ನೀರಸವಾಗಿ, ಸುತ್ತು ಮುಗಿಸಿತು. ಮೇಷ್ಟ್ರು ಸ್ಟೀರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೋಡಿದ್ಯಲ್ಲ, ಇದು ನಾನು. ಕಾಲಿಗೆ ಧೈರ್ಯ ಇಲ್ಲ, ಕೈಗೆ ಏನೂ ಗೊತ್ತಾಗ್ತಿಲ್ಲ. ಮುಗೀತು ಬಿಡು."

ನನಗೂ ತಲೆಬುಡ ತಿಳಿಯಲಿಲ್ಲ. ಕಾರಿನ ಖಾನೆಯಲ್ಲಿ ಕಂಪನಿ ಕೊಟ್ಟ ಪುಸ್ತಕ, ಕವರು ಕೂಡ ಹರಿಯದೆ, ಹೊಚ್ಚಹೊಸದಾಗಿ ಬಿದ್ದಿತ್ತು. ಓಡಿಸಲು ಬರದವರು ಓದುತ್ತಾರೆಂದು ಅವರು ಅದನ್ನು ಮುಟ್ಟಿರಲೇ ಇಲ್ಲ. ಮರಗಟ್ಟಿದ ಬೆರಳಲ್ಲಿ ಹಾಳೆ ತಿರುವಿ, ಪುಟ ಸಿಕ್ಕಿ, ಎರಡು ಸಲ ಓದಿಕೊಂಡೆ.

"ಮೇಷ್ಟ್ರೇ, ಉಲ್ಟಾ ಆಗಿದೆ! ದೀಪ ಹತ್ತಿದ್ರೆ ಅವನಿಲ್ಲ, ಎಲ್ಲಾ ನೀವೇ ನೋಡ್ಕೋಬೇಕು ಅಂತ ಎಚ್ಚರಿಕೆ. ಮೊದಲನೇ ಸುತ್ತು ನಿಮ್ಮದು. ಈ ಸಪ್ಪೆ ಸುತ್ತು ಅವನದು."

ಪುಸ್ತಕ ಕಸಿದುಕೊಂಡು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ನಲವತ್ತು ವರ್ಷ ಮಕ್ಕಳಿಗೆ ದೀಪಗಳ ಅರ್ಥ ಹೇಳಿಕೊಟ್ಟವರು! ನಂಬಿಕೆ ಮಾತ್ರ ಬರಲಿಲ್ಲ. "ಬರೆದೋರು ತಪ್ಪು ಬರೆದಿದ್ರೆ? ಮೊದಲನೇದು ಅಷ್ಟು ಚೆನ್ನಾಗಿತ್ತಲ್ಲೋ, ಅದು ನನ್ನದು ಹೇಗಾಗುತ್ತೆ?" ಎಂದು ಗೊಣಗುತ್ತ ದೀಪ ಹತ್ತಿಸಿ, ಮೂರನೆಯ ಸುತ್ತಿಗೆ ಹೊರಟರು. ಈ ಸಲ ತಮ್ಮ ಕೈಯನ್ನು ತಾವೇ ನೋಡುತ್ತಿದ್ದರು; ಮೊದಲ ತಿರುವಿನಲ್ಲೇ ಕಾರು ಎರಡು ಗಿರಕಿ ಹೊಡೆದು ಹಿಮದ ದಿಬ್ಬಕ್ಕೆ ಹಿಮ್ಮುಖವಾಗಿ ನುಗ್ಗಿ ನಿಂತಿತು. ತೆರೆದ ಕಿಟಕಿಯಿಂದ ಒಂದು ಬುಟ್ಟಿಯಷ್ಟು ಹಿಮ ಅವರ ಮಡಿಲಿಗೆ ಬಿತ್ತು.

ನಾನು ಅವರತ್ತ ತಿರುಗಿದೆ. ಮೇಷ್ಟ್ರು ನಗುತ್ತಿದ್ದರು, ಭುಜ ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ.

"ಇದು ನಾನೇ! ಇದರಲ್ಲಿ ಅನುಮಾನವೇ ಇಲ್ಲ. ಇಂಥ ದಡ್ಡತನ ಅವನಿಗೆ ಬರೋದೇ ಇಲ್ಲ!"

ಸೋಮವಾರ ಬೆಳಿಗ್ಗೆ ವೈದ್ಯರ ಬಾಗಿಲು ತೆಗೆಯುವ ಮೊದಲೇ ಅವರು ಅಲ್ಲಿ ನಿಂತಿದ್ದರೆಂದು ಸಿರ್ಕ್ಕಾ ಹೇಳಿದರು.

ವಿದ್ಯೆ ಕೈಯಲ್ಲಿ ಕೂತವರ ಕುಲವೇ ಹೀಗೆಂದು ಈಗ ನನಗನ್ನಿಸುತ್ತದೆ. ಬಡಗಿಯಾಗಲಿ, ಪಿಟೀಲು ಬಾರಿಸುವವನಾಗಲಿ, ಹಿಮದ ಮೇಲೆ ಕಾರು ಕುಣಿಸುವವನಾಗಲಿ, ತನ್ನಿಂದ ಸೊಗಸಾದದ್ದು ಹೊಮ್ಮಿದಾಗ ಅದನ್ನು ಉಪಕರಣಕ್ಕೋ ಗಾಳಿಗೋ ಒಳಗೆ ಕೂತ ಇನ್ನಾರಿಗೋ ಸಲ್ಲಿಸಿ, ದಿಕ್ಕು ತಪ್ಪಿದವನಂತೆ ನಿಂತುಬಿಡುತ್ತಾನೆ. ಇದು ಪೂರ್ತಿ ನನ್ನದೇ ಎಂದು ಎದೆ ತಟ್ಟಿ ಹೇಳಿಕೊಳ್ಳಲು ಅವನಿಗೆ ಸಿಗುವುದು ಒಂದು ತಪ್ಪು ಮಾತ್ರ. ಪುಣ್ಯಕ್ಕೆ, ಬದುಕಲು ಅವನಿಗೆ ಅಷ್ಟು ಸಾಕು.