ಗೋಣು ರೈಫಲ್

ಅಪ್ಪನ ರೈಫಲ್ಲಿನಲ್ಲಿ ಏನು ಕೊರತೆ ಎಂದು ನನಗೆ ಮೂರನೇ ತಿಂಗಳಲ್ಲೇ ಗೊತ್ತಾಗಿತ್ತು. ಡೈರಿಯಲ್ಲಿ ಬರೆದೂ ಇಟ್ಟಿದ್ದೆ. ಬಾಯಲ್ಲಿ ಹೇಳಿರಲಿಲ್ಲ, ಅಷ್ಟೆ.

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ವರ್ಕ್‌ಶಾಪು. ಗುರಿ ಹೊಡೆಯುವ ಕ್ಲಬ್ಬಿನವರ ರೈಫಲ್ಲುಗಳು ಕೆಟ್ಟರೆ ಇಲ್ಲಿಗೇ ಬರುತ್ತವೆ. ಇಪ್ಪತ್ತೆಂಟು ವರ್ಷದಿಂದ ಅಪ್ಪ ಬೇರೆಯವರು ಮಾಡಿದ್ದನ್ನು ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿ, ಜೋಡಿಸಿ ಕಳಿಸುತ್ತಿದ್ದಾರೆ. ಪ್ರತಿ ನಳಿಗೆಯ ಮೇಲೂ ಯಾರದೋ ಹೆಸರು ಕೆತ್ತಿರುತ್ತದೆ. “ಒಂದೇ ಒಂದರ ಮೇಲೆ ನನ್ನ ಹೆಸರು ಕೆತ್ತಬೇಕು ನೋಡು” ಎಂದು ಅಪ್ಪ ಅರ ಉಜ್ಜುವ ಸದ್ದಿನ ನಡುವೆ, ಯಾರಿಗೂ ಕೇಳಿಸಬಾರದೆಂಬ ಹಾಗೆ ಹೇಳಿಕೊಳ್ಳುತ್ತಿದ್ದರು. ನನಗೆ ಕೇಳಿಸುತ್ತಿತ್ತು.

ಒಂದು ದಿನ ಕ್ಲಬ್ಬಿನ ತರಬೇತುದಾರರು ಬಂದು, ಹೊಸಬರಿಗೆ ಕಲಿಸಲು ಹಗುರವಾದ ರೈಫಲ್ ಬೇಕು, ನಿಮ್ಮ ತಲೆಯಲ್ಲಿ ಏನಾದರೂ ಇದ್ದರೆ ಮಾದರಿ ಮಾಡಿ ತೋರಿಸಿ ಎಂದರು. ಅಪ್ಪ ಆವತ್ತು ಊಟಕ್ಕೂ ಏಳಲಿಲ್ಲ.

ಮಾಮೂಲಿ ರೈಫಲ್ಲಿನಲ್ಲಿ ಒಂದು ಗುಂಡು ಹಾರಿಸಿದ ಮೇಲೆ ಕೈಯಿಂದ ಬೋಲ್ಟ್ ಹಿಂದಕ್ಕೆ ಎಳೆಯಬೇಕು, ಖಾಲಿ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರುತ್ತದೆ. ಅಪ್ಪನಿಗೆ ಆ ಕೈಯ ಓಡಾಟವೇ ಸರಿಬರಲಿಲ್ಲ.

“ಎರಡು ಕೈಗೂ ಅದರದರ ಕೆಲಸ ಇದೆ. ಸುಮ್ಮನೆ ಕೂತಿರೋದು ತಲೆ ಒಂದೇ” ಎಂದರು.

“ನಿಂದು ಸುಮ್ಮನೆ ಕೂತು ಬಹಳ ವರ್ಷ ಆಯ್ತು ಬಿಡೋ” ಎಂದು ಒಳಗಿನಿಂದ ಅತ್ತೆ ಕೂಗಿದರು. ಅತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ಹೋದ ಮೇಲೆ ನಮ್ಮ ಮನೆಯನ್ನೂ ಅಪ್ಪನ ಬಾಯನ್ನೂ ಹದ್ದುಬಸ್ತಿನಲ್ಲಿ ಇಟ್ಟವರು ಅವರೇ.

ಅಪ್ಪ ಕೆನ್ನೆ ಒರಗಿಸುವ ಜಾಗದಲ್ಲಿ ಒಂದು ಪುಟ್ಟ ಹಲಗೆ ಕೂರಿಸಿದರು. ಕೆನ್ನೆಯಿಂದ ಅದನ್ನು ಒತ್ತಿದರೆ ಬೋಲ್ಟ್ ಹಿಂದೆ. ತಲೆ ಎತ್ತಿದರೆ ಸ್ಪ್ರಿಂಗ್ ಅದನ್ನು ಮುಂದೆ ತಳ್ಳುತ್ತದೆ. ಒಂದು ಸಲ ಗೋಣು ಹಾಕಿದರೆ ಒಂದು ತೋಟಾ. ಬೋಲ್ಟ್ ಮೂಗಿಗೆ ಎರಡು ಬೆರಳಷ್ಟು ಹತ್ತಿರ ಬಂದು ನಿಲ್ಲುತ್ತಿತ್ತು.

“ಮೂಗಿನ ಗತಿ ಏನೋ?”

“ಮೂಗು ಉದ್ದ ಇದ್ದವರು ಸ್ವಲ್ಪ ಹಿಂದೆ ಸರೀಬೇಕು ಅಕ್ಕಾ.”

“ಹಾಗಾದ್ರೆ ನಮ್ಮ ವಂಶದಲ್ಲಿ ಯಾರೂ ಹೊಡೆಯೋ ಹಾಗಿಲ್ಲ.”

ಪರೀಕ್ಷೆಗೆ ಸಿಕ್ಕವಳು ನಾನು. ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಮೇಲಾಗಿ ಗೋಣು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಂಗಡಿಯವನು ಕೇಳದ ಸೋಪು ಕಟ್ಟಿಕೊಟ್ಟರೂ ಹೂಂ. ತೋಳು ಚಿಕ್ಕದಾಯ್ತು, ನಡೆಯುತ್ತಲ್ಲಮ್ಮ ಎಂದು ಟೈಲರ್ ಕೇಳಿದರೂ ಹೂಂ. “ಕೋಲೆ ಬಸವನಾದ್ರೂ ಏನಾದ್ರೂ ಸಿಗುತ್ತೆ ಅಂತ ತಲೆ ಆಡಿಸುತ್ತೆ, ಇವಳದು ಪುಕ್ಕಟೆ” ಎನ್ನುತ್ತಾರೆ ಅತ್ತೆ.

ನಾನು ಮದ್ದಿಲ್ಲದ ಹಿತ್ತಾಳೆ ತೋಟಾ ತುಂಬಿ, ಕೆನ್ನೆ ಒರಗಿಸಿ ಕೂರುತ್ತಿದ್ದೆ. “ಸಲೀಸಾಗಿದೆ ಅಲ್ವಾ ಮಗಳೇ?” ಎಂದು ಅಪ್ಪ ಕೇಳುವರು. ನಾನು ಗೋಣು ಹಾಕುವೆ. ಟಕ್, ತೋಟಾ ಹಾರುವುದು. ಅಪ್ಪನಿಗೆ ಉತ್ತರವೂ ಸಿಕ್ಕಿತು, ರೈಫಲ್ಲೂ ಓಡಿತು. ದಾಖಲೆ ಪುಸ್ತಕದಲ್ಲಿ “ಸಲೀಸು” ಎಂದು ಬರೆಯುವರು. ನನ್ನ ಗೋಣು ಹಗುರ. ಅದಕ್ಕೆ ಹೊಂದಲಿ ಎಂದು ಸ್ಪ್ರಿಂಗನ್ನು ವಾರವಾರವೂ ಮೆದು ಮಾಡುತ್ತ ಹೋದರು. ಐದನೇ ತಿಂಗಳ ಹೊತ್ತಿಗೆ ಒಂದು ಸೀನು ಸಾಕಾಗುತ್ತಿತ್ತು.

ಮೂರನೇ ತಿಂಗಳಲ್ಲೇ ಡೈರಿಯಲ್ಲಿ ನಾನು ಬರೆದದ್ದು ಹೀಗೆ: “ಇವತ್ತು ನಲವತ್ತು ಸಲ ಗೋಣು ಹಾಕಿದೆ. ಪ್ರತಿ ಸಲವೂ ಗುರಿಯ ಹಲಗೆ ಮಾಯವಾಗಿ ನನ್ನ ಅಂಗಿಯ ಎರಡನೇ ಗುಂಡಿ ಕಾಣಿಸಿತು. ಮತ್ತೆ ಗುರಿ ಹುಡುಕುವಷ್ಟರಲ್ಲಿ ಕೈಯಿಂದ ಎಳೆಯುವವರು ಎರಡು ಹೊಡೆದು ನೀರು ಕುಡಿದಿರುತ್ತಾರೆ. ನಾಳೆ ಅಪ್ಪನಿಗೆ ಹೇಳಬೇಕು.” ಮರುದಿನದ ಪುಟದಲ್ಲಿ ಇಷ್ಟೇ: “ಹೇಳಲಿಲ್ಲ. ಅಪ್ಪ ಹೆಸರು ಕೆತ್ತುವ ಉಳಿಗೆ ಸಾಣೆ ಹಿಡಿಯುತ್ತಿದ್ದರು.”

ತೋರಿಸುವ ದಿನ ಬಂತು. ತರಬೇತುದಾರರು ನೀಳ ಮನುಷ್ಯ, ಅಗಲ ದವಡೆ, ಕಂಬದಂಥ ಕತ್ತು. ಕೂತು ಟೀ ತೆಗೆದುಕೊಂಡವರೇ “ನನಗೊಂದು ಅನುಮಾನ” ಎಂದರು. ಅವರ ಪ್ರತಿ ಮಾತೂ ಅಲ್ಲಿಂದಲೇ ಶುರು. ರೈಫಲ್ ಎತ್ತಿ ಆ ದವಡೆಯನ್ನು ಹಲಗೆಯ ಮೇಲೆ ಇಟ್ಟರು. ನನ್ನ ಗೋಣಿಗೆ ಹೊಂದಿಸಿದ ಸ್ಪ್ರಿಂಗ್ ಆ ಭಾರಕ್ಕೆ ಕುಸಿಯಿತು. ಬೋಲ್ಟ್ ಹಿಂದೆ ಬಂದು ಅಲ್ಲೇ ಕೂತಿತು.

“ತಲೆ ಎತ್ತಿ ಸಾರ್, ಮುಂದೆ ಹೋಗುತ್ತೆ.”

“ತಲೆ ಎತ್ತಿದ್ರೆ ಗುರಿ ಹೇಗ್ರೀ ಕಾಣುತ್ತೆ?”

ಅಪ್ಪ ಹಣೆ ಒರೆಸಿಕೊಂಡರು. “ನಮ್ಮ ಮಗಳ ಕೈಯಲ್ಲಿ ನೋಡಿ ಸಾರ್.”

ನಾನು ಐದು ತೋಟಾ ತುಂಬಿ ಕೂತೆ. ತರಬೇತುದಾರರು ಅಭ್ಯಾಸಬಲದಿಂದ ನನಗೇ ಪಾಠ ಶುರುಮಾಡಿದರು.

“ಆರಾಮಾಗಿ ಕೂತಿದೀಯೇನಮ್ಮ?”

ಗೋಣು ಹಾಕಿದೆ. ಟಕ್. ತೋಟಾ ಹಾರಿ ಅವರ ಸಾಸರಿನಲ್ಲಿ ಬಿತ್ತು.

“ಗುರಿ ಕಾಣ್ತಾ ಇದೆ ತಾನೆ?”

ಟಕ್. ಎರಡನೆಯದು ಅತ್ತೆಯ ಮಡಿಲಿಗೆ.

“ಹೆದರಿಕೆ ಏನೂ ಇಲ್ವಲ್ಲ?”

ಟಕ್.

“ಅಯ್ಯೋ, ನಾನು ಹೇಳೋದು ಅರ್ಥ ಆಗ್ತಿದೆಯಾ?”

ಟಕ್.

“ನೋಡಮ್ಮ, ನಾನು ಹೇಳೋವರೆಗೂ ತಲೆ ಆಡಿಸಬಾರದು. ಗೊತ್ತಾಯ್ತಾ?”

ಟಕ್.

ಐದೂ ಮುಗಿದವು. ಗುಂಡು ಹಾರಿಸುವ ಕುದುರೆಯನ್ನು ನಾನು ಒಮ್ಮೆಯೂ ಎಳೆದಿರಲಿಲ್ಲ. ಅತ್ತೆ ಮಡಿಲಿನ ತೋಟಾವನ್ನು ಎರಡು ಬೆರಳಿನಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

“ನನಗೊಂದು ಅನುಮಾನ” ಎಂದರು ತರಬೇತುದಾರರು. “ಹೊಸಬರು ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾರೆ. ಪಾಠ ಮುಗಿಯೋ ಹೊತ್ತಿಗೆ ಒಂದು ಪೆಟ್ಟಿಗೆ ತೋಟಾ ನೆಲದ ಮೇಲಿರುತ್ತಲ್ರೀ?”

ಅಪ್ಪನ ಮುಖ ಕೆಂಪಾಯಿತು. “ಅದೆಲ್ಲ ಅಭ್ಯಾಸ ಸಾರ್. ಐದು ತಿಂಗಳಿಂದ ಇವಳು ಮಾಡ್ತಿದಾಳೆ, ಒಂದು ದಿನ ಆಗಲ್ಲ ಅಂದಿಲ್ಲ. ಇಲ್ಲಿ ನೋಡಿ, ಸಲೀಸು, ಸಲೀಸು, ಪುಟಪುಟದಲ್ಲೂ ಸಲೀಸು.” ಆಮೇಲೆ ನನ್ನ ಕಡೆ ತಿರುಗಿದರು. “ಹೇಳು ಮಗಳೇ. ಇದು ನಡೆಯುತ್ತೆ ಅಲ್ವಾ?”

ಮೇಜಿನ ಮೇಲೆ ಹೆಸರು ಕೆತ್ತುವ ಆ ಉಳಿ ಹೊಳೆಯುತ್ತಿತ್ತು. ನನ್ನ ತಲೆ ತನ್ನಷ್ಟಕ್ಕೆ ತಾನೇ ಕೆಳಗಿಳಿಯಲು ಹೊರಟಿತ್ತು. ತೋಟಾ ತುಂಬುವ ಮ್ಯಾಗಜಿನ್ ಖಾಲಿ, ಇನ್ನೊಂದು ಗೋಣು ಹಾಕಿದರೆ ಯಾವ ತೋಟಾವೂ ಬೀಳುತ್ತಿರಲಿಲ್ಲ. ಕತ್ತು ಬಿಗಿಹಿಡಿದು ಕೆನ್ನೆ ಎತ್ತಿದೆ.

“ಇಲ್ಲ ಅಪ್ಪ.”

“ಏನಂದಳು?” ಎಂದರು ತರಬೇತುದಾರರು. ಹಾಗಾಗಿ ಜೀವನದ ಮೊದಲ ಇಲ್ಲವನ್ನು ಎರಡು ಸಲ ಹೇಳಬೇಕಾಯಿತು.

“ಇಲ್ಲ. ಪ್ರತಿ ಸಲ ಗುರಿ ತಪ್ಪುತ್ತೆ. ಗುಂಡಿ ಕಾಣುತ್ತೆ.”

“ಯಾವ ಗುಂಡಿ?”

“ಅಂಗೀದು.”

ತರಬೇತುದಾರರು ಟೀ ಮುಗಿಸಿ, ಬಾಗಿಲಲ್ಲಿ ನಿಂತು, “ನಯಗೆಲಸ ಮಾತ್ರ ಇಂಥದ್ದು ನಾನೆಲ್ಲೂ ನೋಡಿಲ್ಲ. ಅದರಲ್ಲಿ ಅನುಮಾನ ಇಲ್ಲ. ಬೇರೇನಾದ್ರೂ ಮಾಡಿದ್ರೆ ಹೇಳಿ ಕಳಿಸಿ” ಎಂದು ಹೊರಟರು.

ಅಪ್ಪ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಎಣ್ಣೆ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು.

“ಯಾವಾಗಿಂದ ಗೊತ್ತಿತ್ತು ನಿಂಗೆ?”

“ಮೂರನೇ ತಿಂಗಳಿಂದ.”

“ಮತ್ತೆ ಕೇಳಿದಾಗೆಲ್ಲ ಹೂಂ ಅಂದೆಯಲ್ಲೇ.”

ನನ್ನ ಕಣ್ಣು ತುಂಬಿತು. ಅತ್ತೆ ನಡುವೆ ಬಂದರು. “ಅವಳನ್ನ ಯಾಕೋ ಬೈತೀಯ? ಅಲ್ವಾ, ಅಲ್ವಾ ಅಂತ ಕೇಳ್ತಿದ್ರೆ ಗೋಡೆನೂ ಹೂಂ ಅನ್ನುತ್ತೆ.”

ಮರುದಿನ ಬೆಳಿಗ್ಗೆ ನಾನು ವರ್ಕ್‌ಶಾಪಿಗೆ ಹೋದಾಗ ಅಪ್ಪ ದಾಖಲೆ ಪುಸ್ತಕದಲ್ಲಿ ಸ್ಕೇಲು ಇಟ್ಟು ಹೊಸ ಕಾಲಂ ಎಳೆಯುತ್ತಿದ್ದರು. ತಲೆಬರಹ: “ಮಗಳ ಮಾತು, ಬಾಯಲ್ಲಿ.”

“ಗೋಣು ಬೇಡ” ಎಂದರು ತಲೆ ಎತ್ತದೆ. “ತಲೆ ಅಡ್ಡಡ್ಡ ಆಡಿಸಿದ್ರೆ ಬೋಲ್ಟ್ ಓಡೋ ಹಾಗೆ ಮಾಡಿದ್ರೆ, ಹೇಗಿರುತ್ತೆ?”

ಅಲ್ವಾ ಅನ್ನಲಿಲ್ಲ. ಅದನ್ನು ಗಮನಿಸಿದೆ.

“ಕೆಟ್ಟದಾಗಿರುತ್ತೆ” ಎಂದೆ.

ಅಪ್ಪ ಅದನ್ನು ಅಕ್ಷರಶಃ ಬರೆದುಕೊಂಡರು. ಆಮೇಲೆ ಪುಸ್ತಕದ ಕೆಳಗಿನಿಂದ ಒಂದು ನಕ್ಷೆ ಹೊರತೆಗೆದರು. ಪುಟ್ಟ ಬೋಲ್ಟು, ಹೊಸಬರ ಬೆರಳಿಗೆ ಹೊಂದುವ ಪುಟ್ಟ ಹಿಡಿ. ಕೈಯಿಂದ ಎಳೆಯುವುದು. ರಾತ್ರಿಯೇ ಬರೆದಿದ್ದರೋ, ಎಂದೋ ಬರೆದು ಬಚ್ಚಿಟ್ಟಿದ್ದರೋ, ಕೇಳಲಿಲ್ಲ.

“ಇದು?”

ನಾನು ಗೋಣು ಹಾಕಿದೆ.

ಅಪ್ಪ ಪೆನ್ನು ಹಿಡಿದು ಕಾಯುತ್ತ ಕೂತರು. “ಬಾಯಲ್ಲಿ.”

“ಹೂಂ” ಎಂದೆ, ಅತ್ತೆಗೂ ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ.