ಅಂಚಿನಲ್ಲಿ ಎರಡು ಉಸಿರು

ಮೂರನೇ ಮಹಡಿಯ ಅಂಚಿನಲ್ಲಿ ನಿಲ್ಲಬಾರದು. ಓಡಿ ಬಂದ ವೇಗದಲ್ಲೇ ಜಿಗಿದುಬಿಡಬೇಕು. ನಿಂತರೆ ಮೈಗೆ ಬುದ್ಧಿ ಬರುತ್ತದೆ, ಬುದ್ಧಿ ಬಂದ ಮೈ ಜಿಗಿಯುವುದಿಲ್ಲ. ಫೈಟ್ ಮಾಸ್ಟರ್ ಇದನ್ನು ಬೆಕ್ಕಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದ. ಆಮೇಲೆ ತನ್ನ ತಂಗಿಯನ್ನೂ ಮದುವೆ ಮಾಡಿ ಕೊಟ್ಟಿದ್ದ.

ಬೆಕ್ಕು ಸಿನಿಮಾದಲ್ಲಿ ಹೀರೋನ ಬದಲು ಬೀಳುವ, ಜಿಗಿಯುವ ಡೂಪ್. ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತಾನೆಂದು ಆ ಹೆಸರು. ಈ ಸಿನಿಮಾದ ಮೊದಲ ಭಾಗದಲ್ಲಿ ಹಾಗೆ ನಿಲ್ಲಲಿಲ್ಲ, ಸೊಂಟ ಮುರಿಯಿತು. ಆ ಜಿಗಿತಕ್ಕೆ ಜನ ಶಿಳ್ಳೆ ಹೊಡೆಯುತ್ತಿದ್ದಾಗ ಅವನು ಆಸ್ಪತ್ರೆಯಲ್ಲಿ ಮಗ್ಗುಲು ಬದಲಿಸಲೂ ನರ್ಸನ್ನು ಕರೆಯುತ್ತಿದ್ದ. ಈಗ ಎರಡನೇ ಭಾಗ. ಸೊಂಟ ಕೂಡಿದ ಮೇಲೆ ಇದೇ ಮೊದಲ ಜಿಗಿತ. ಇದು ಆದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಬೆಳಗಿನಿಂದ ಅವನು ಕೂತಲ್ಲಿ ಕೂರಲಿಲ್ಲ. ಕಟ್ಟಡದ ಮೆಟ್ಟಿಲು ಹತ್ತಿದ, ಇಳಿದ, ಬೀಳುವ ಜಾಗದಲ್ಲಿ ಜೋಡಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ಒತ್ತಿ ನೋಡಿದ, ಮತ್ತೆ ಹತ್ತಿದ.

"ಏನೋ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯ," ಅಂದ ಕೊಕ್ಕರೆ. ಅವನೂ ಫೈಟರ್, ಉದ್ದ ಕಾಲಿನವನು. "ನಿನ್ನ ನೋಡಿ ನಂಗೇ ಬೆವರು ಬರ್ತಿದೆ."

"ಬಿಸಿಲಿಗೆ ಬರ್ತಿರತ್ತೆ. ಸುಮ್ನಿರು."

ಮೇಲೆ ನಿರ್ದೇಶಕ ಮಾಸ್ಟರನ ಹತ್ತಿರ ಹಟ ಹಿಡಿದಿದ್ದ. "ಹೋದ ಸಲ ಬರೀ ಬೆಂಕಿ, ಗಾಜು, ಜಿಗಿತ. ಈ ಸಲ ಜನ ಅಳಬೇಕು. ತಮ್ಮನ್ನ ಬೆಂಕೀಲಿ ಬಿಟ್ಟು ಹೊರಡೋ ಅಣ್ಣ ಹಾಗೇ ಹಾರಿಬಿಟ್ರೆ ಹೇಗೆ? ಅಂಚಲ್ಲಿ ಎರಡು ಉಸಿರು ನಿಲ್ಲಲಿ. ತಲೆ ಅರ್ಧ ತಿರುಗಲಿ. ಆಮೇಲೆ ಜಿಗೀಲಿ."

"ನಿಂತು ಜಿಗಿಯೋಕಾಗಲ್ಲ ಸಾರ್. ದುಃಖ ಬೇಕಿದ್ರೆ ಹೀರೋನ ನಿಲ್ಸಿ."

"ಅವರು ಸ್ಟೂಲ್ ಹತ್ತಿದ್ರೂ ತಲೆ ತಿರುಗತ್ತೆ ಅಂತಾರೆ. ಇವನ ಬೆನ್ನು ಸಾಕು."

"ನಿಲ್ತೀನಿ ಬಿಡಿ ಮಾಸ್ಟರ್," ಅಂದ ಬೆಕ್ಕು. ಬೇಗ ಮುಗಿದರೆ ಸಾಕಿತ್ತು ಅವನಿಗೆ.

ನಿಂತು ಜಿಗಿದರೆ ದೂರ ಹೋಗುವುದಿಲ್ಲವೆಂದು ಪೆಟ್ಟಿಗೆಗಳನ್ನು ಗೋಡೆಯ ಹತ್ತಿರಕ್ಕೆ ಸರಿಸಿದರು. ಹೊಗೆ ಬಿಟ್ಟರು. ಬೆಕ್ಕು ಓಡಿ ಬಂದ, ಅಂಚಿನಲ್ಲಿ ನಿಂತ, ತಲೆ ಅರ್ಧ ತಿರುಗಿಸಿದ. ಎರಡು ಉಸಿರಾಯಿತು. ಮೂರಾಯಿತು. ಮೊಣಕಾಲು ನಡುಗಿತು, ನಡುಕ ಬೆನ್ನಿಗೇರಿತು, ಹೆಗಲು ಕುಸಿಯಿತು. ಕಾಲು ಮಾತ್ರ ನೆಲ ಬಿಡಲಿಲ್ಲ.

"ಕಟ್," ಅಂದ ನಿರ್ದೇಶಕ. ಅವನ ಕಣ್ಣು ಒದ್ದೆಯಾಗಿತ್ತು. "ಎಂಥ ಬೆನ್ನಪ್ಪ ಇದು. ಜಿಗಿಯೋದನ್ನ ಬೇರೆ ತಗೊಳ್ಳೋಣ."

ಮಾಸ್ಟರ್ ಬೆಕ್ಕಿನ ಮುಖ ನೋಡಿದ. ಅವನಿಗೆ ಅರ್ಥವಾಯಿತು. "ಪಾದ ಉಳುಕಿದೆ ಸಾರ್," ಅಂದ ತಕ್ಷಣ. "ಮಧ್ಯಾಹ್ನ ಜಿಗೀತಾನೆ."

"ಆಗ್ಲಿ. ಅಲ್ಲೀವರೆಗೆ ನಿಲ್ಲೋದನ್ನೇ ಇನ್ನೊಂದ್ಸಲ, ಹತ್ತಿರದಿಂದ. ಜಿಗಿಯೋದು ಬೇಡ."

ಬೆಕ್ಕು ಮತ್ತೆ ಬಂದು ನಿಂತ. ಈ ಸಲ ಬೆನ್ನು ಗೋಡೆಯ ಹಾಗೆ ನೆಟ್ಟಗಿತ್ತು. ಮತ್ತೊಮ್ಮೆ ತೆಗೆದರು. ಅದೂ ಹಾಗೇ.

"ಆಗ್ಲೇ ನಡುಗಿದ್ಯಲ್ಲ, ಎಷ್ಟು ಚೆನ್ನಾಗಿತ್ತು. ತಮ್ಮನ್ನ ನೆನಸ್ಕೊ," ಅಂದ ನಿರ್ದೇಶಕ.

"ತಮ್ಮ ಯಾರೂ ನೆನಪಿಗೆ ಬಂದಿರ್ಲಿಲ್ಲ ಸಾರ್. ಜಿಗೀಬೇಕಲ್ಲ ಅಂತ ಹೆದರಿ ನಡುಗಿದ್ದು. ಈಗ ಜಿಗಿಯೋ ಹಾಗಿಲ್ಲ, ನಡುಕ ಎಲ್ಲಿಂದ ಬರತ್ತೆ?"

ಲೈಟಿನವನೊಬ್ಬ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ. ನಿರ್ದೇಶಕ ಮಾಸ್ಟರನನ್ನು ನೋಡಿದ. ಮಾಸ್ಟರ್ ಕೆಳಗೆ ಬಗ್ಗಿ, "ಕೊಕ್ಕರೆ, ಮೇಲೆ ಬಾ. ಹೀರೋ ಶರ್ಟ್ ಹಾಕ್ಕೊ," ಎಂದು ಕೂಗಿದ.

ಬೆಕ್ಕು ಗುಂಡಿ ಬಿಚ್ಚುತ್ತಾ ಮೆಟ್ಟಿಲಿಗೆ ಬಂದ. ಮಾಸ್ಟರ್ ಹಿಂದೆಯೇ ಬಂದು ತೋಳು ಹಿಡಿದ.

"ಉಳುಕು ಅಂದಿದ್ನಲ್ಲೋ. ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ತಂಗಿಗೆ ನಾನೇನು ಹೇಳ್ಲಿ?"

"ಮಧ್ಯಾಹ್ನ ಮತ್ತೆ ಹತ್ತಬೇಕಾಗ್ತಿತ್ತು, ಭಾವ," ಅಂದ ಬೆಕ್ಕು. ಶರ್ಟನ್ನು ಅವನ ಕೈಗಿಟ್ಟು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ.